ಬಿಲ್ಲಿಂಗ್ ಯಂತ್ರ ಮತ್ತು ಕಿಯೋಸ್ಕ್‌ಗಳ ಕಾರ್ಯಾಚರಣ ವ್ಯವಸ್ಥೆ

ಕಿರಾಣಿ ಅಂಗಡಿಯ ಬಿಲ್ಲಿಂಗ್ ಯಂತ್ರ, ಬಸ್ ಕಂಡಕ್ಟರರ ಟಿಕೆಟ್ ಮಷೀನ್, ಬ್ಯಾಂಕಿನ ಎಟಿಎಂ, ಸರ್ಕಾರಿ ಸೇವೆಯ ಕಿಯೋಸ್ಕ್ ಇವೆಲ್ಲ ಒಂದೇ ಕೆಲಸಕ್ಕೆ ಮೀಸಲಾದ ಸಾಧನಗಳು. ಇವುಗಳ ಯಂತ್ರಾಂಶವನ್ನು ನಿಭಾಯಿಸಿ ಬಿಲ್ಲು, ಟಿಕೆಟ್, ಪಾವತಿಯ ತಂತ್ರಾಂಶಗಳು ನಡೆಯುವಂತೆ ಮಾಡುವ ಮೂಲ ತಂತ್ರಾಂಶವೇ ಎಂಬೆಡೆಡ್ ಆಪರೇಟಿಂಗ್ ಸಿಸ್ಟಂ, ಅಂದರೆ ಅಂತರ್ಗತ ಕಾರ್ಯಾಚರಣ ವ್ಯವಸ್ಥೆ. ವಿಂಡೋಸ್‌ನ ಉದ್ಯಮ ಆವೃತ್ತಿಗಳು, ಲಿನಕ್ಸ್, ಆಂಡ್ರಾಯ್ಡ್ ಮತ್ತು ರಿಯಲ್ ಟೈಂ ವ್ಯವಸ್ಥೆಗಳು ಇವುಗಳಲ್ಲಿ ಮುಖ್ಯವಾದವು. ಬೆಂಗಳೂರಿನಿಂದ ಸುಮಾರು 200 ಕಿ.ಮೀ. ದೂರದ ಚಿತ್ರದುರ್ಗದಲ್ಲೂ ಅದೇ ಜಿಲ್ಲೆಯ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲೂ ಇಂಥ ಸಾಧನಗಳು ದಿನಬಳಕೆಯಲ್ಲಿವೆ. ತಾಲ್ಲೂಕು ಕೇಂದ್ರಗಳಲ್ಲಿ ಯಂತ್ರವನ್ನು ಅದು ಕೆಡುವವರೆಗೂ ದುಡಿಸುವುದು ರೂಢಿ. ಹಾಗಾಗಿ ವ್ಯವಸ್ಥೆಯನ್ನು ಆರಿಸುವಾಗ ವೇಗಕ್ಕಿಂತ, ಪರದೆಯ ಅಂದಕ್ಕಿಂತ ಮೊದಲು ನೋಡಬೇಕಾದದ್ದು ತಯಾರಕರ ಬೆಂಬಲ ಎಷ್ಟು ವರ್ಷ ಸಿಗುತ್ತದೆ ಎಂಬುದನ್ನು.

ಸ್ವರೂಪ

ಮನೆಯ ಕಂಪ್ಯೂಟರಿನಲ್ಲಿ ಬಳಕೆದಾರ ತನಗೆ ಬೇಕಾದ ತಂತ್ರಾಂಶ ಹಾಕಿಕೊಳ್ಳುತ್ತಾನೆ, ಬೇಡವಾದದ್ದನ್ನು ತೆಗೆಯುತ್ತಾನೆ. ಬಿಲ್ಲಿಂಗ್ ಯಂತ್ರದಲ್ಲಿ ಅದಕ್ಕೆ ಎಡೆ ಇರಬಾರದು. ಸ್ವಿಚ್ ಹಾಕಿದ ಕೂಡಲೇ ನೇರವಾಗಿ ಬಿಲ್ಲಿನ ಪರದೆಯೇ ಬರಬೇಕು. ಗ್ರಾಹಕ ಎಲ್ಲಿ ಒತ್ತಿದರೂ ಡೆಸ್ಕ್‌ಟಾಪ್ ತೆರೆದುಕೊಳ್ಳಬಾರದು. ಕರೆಂಟ್ ಹೋಗಿ ಬಂದರೆ ಯಂತ್ರ ಯಾರ ನೆರವೂ ಇಲ್ಲದೆ ಮೊದಲಿನ ಸ್ಥಿತಿಗೆ ಮರಳಬೇಕು. ಹೀಗೆ ಒಂದೇ ಕೆಲಸಕ್ಕೆ ಬಿಗಿದಿಡುವ ಏರ್ಪಾಡನ್ನು ಕಿಯೋಸ್ಕ್ ಮೋಡ್ ಎನ್ನುತ್ತಾರೆ. ವಿಂಡೋಸ್‌ನಲ್ಲಿ ಅಸೈನ್ಡ್ ಆಕ್ಸೆಸ್ ಹಾಗೂ ಶೆಲ್ ಲಾಂಚರ್, 2014ರಲ್ಲಿ ಬಂದ ಆಂಡ್ರಾಯ್ಡ್ 5.0ರಿಂದ ಲಾಕ್ ಟಾಸ್ಕ್ ಮೋಡ್ ಈ ಕೆಲಸ ಮಾಡುತ್ತವೆ. ಲಿನಕ್ಸ್‌ನಲ್ಲಿ ಡೆಸ್ಕ್‌ಟಾಪನ್ನೇ ಕೈಬಿಟ್ಟು ಬೇಕಾದ ಒಂದು ತಂತ್ರಾಂಶವನ್ನಷ್ಟೇ ಚಾಲೂ ಮಾಡುವುದು ವಾಡಿಕೆ.

ಕರ್ನಾಟಕದಲ್ಲಿ ಬೆಳೆದು ಬಂದ ಬಗೆ

ರಾಜ್ಯದ ಹಳ್ಳಿಗರಿಗೆ ಕಿಯೋಸ್ಕ್ ಪರಿಚಯವಾದದ್ದು ಬಹುಮಟ್ಟಿಗೆ ಭೂಮಿ ಯೋಜನೆಯಿಂದ. 2000ದ ಆಸುಪಾಸಿನಲ್ಲಿ ಕೈಬರಹದ ಪಹಣಿಗಳು ಕಂಪ್ಯೂಟರಿಗೆ ಏರಿದವು. ತಾಲ್ಲೂಕು ಕಚೇರಿಯ ಕೌಂಟರಿನಲ್ಲಿ 15 ರೂ. ಕೊಟ್ಟರೆ ಮುದ್ರಿತ ಪಹಣಿ ಸಿಗತೊಡಗಿತು. ದಾಖಲೆ ತಿದ್ದುವ ಸಿಬ್ಬಂದಿ ಬೆರಳಚ್ಚು ಕೊಟ್ಟೇ ವ್ಯವಸ್ಥೆಯೊಳಗೆ ಹೋಗಬೇಕಿತ್ತು.

ಅದೇ ಕಾಲದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯೂ ಸೇರಿ ಸಿಂಪ್ಯೂಟರ್ ಎಂಬ ಕೈಸಾಧನ ರೂಪಿಸಿದರು. ಅಂಗೈಯಗಲದ ಈ ಯಂತ್ರಕ್ಕೆ ಅವರು ಆರಿಸಿದ್ದು ಲಿನಕ್ಸ್. ಪರವಾನಗಿ ಶುಲ್ಕವಿಲ್ಲದಿರುವುದು ಮತ್ತು ಭಾರತೀಯ ಭಾಷೆಗಳಿಗೆ ತಕ್ಕಂತೆ ಒಳಗನ್ನು ತಿದ್ದಿಕೊಳ್ಳಲು ಬರುವುದು ಆ ವ್ಯವಸ್ಥೆಯ ಅನುಕೂಲಗಳು. ಬರಹವನ್ನು ಕನ್ನಡದಲ್ಲೂ ಓದಿ ಹೇಳುವ ‘ಧ್ವನಿ’ ತಂತ್ರಾಂಶ ಈ ಯೋಜನೆಯಿಂದಲೇ ಹುಟ್ಟಿತು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಮತ್ತು ಪಿಕೋಪೀಟಾ ಸಂಸ್ಥೆಗಳು ಇದನ್ನು ಅಮಿಡಾ ಹೆಸರಿನಲ್ಲಿ ಮಾರುಕಟ್ಟೆಗೆ ತಂದರೂ ಮಾರಾಟ ಕುದುರಲಿಲ್ಲ. ಮುಂದೆ ಬಂದ ಕೈಯಲ್ಲಿ ಹಿಡಿಯುವ ಟಿಕೆಟ್, ಪಾವತಿ ಯಂತ್ರಗಳಿಗೆ ಇದು ಕರ್ನಾಟಕದ ಪೂರ್ವಜ.

ಅಂಗಡಿಗಳಲ್ಲಿ ದಾರಿ ಬೇರೆಯಾಗಿತ್ತು. ಬೆಂಗಳೂರಿನ ವೆಪ್ ಸಂಸ್ಥೆಯ ಬಿಲ್ಲಿಂಗ್ ಪ್ರಿಂಟರುಗಳು, ಎಸ್ಸೆ ತೂಕದ ಯಂತ್ರಗಳು, ಟ್ಯಾಲಿ ಲೆಕ್ಕಪತ್ರ ತಂತ್ರಾಂಶ ಇವು ವರ್ತಕರ ಕೌಂಟರಿಗೆ ಬಂದವು. 2016ರಲ್ಲಿ ಯುಪಿಐ, 2017ರ ಜುಲೈ 1ರಂದು ಜಿಎಸ್‌ಟಿ ಜಾರಿಯಾದ ಮೇಲೆ ಸಣ್ಣ ಅಂಗಡಿಗಳಿಗೂ ಯಂತ್ರದ ಬಿಲ್ಲು ಮತ್ತು ಡಿಜಿಟಲ್ ಪಾವತಿ ಬೇಕಾದವು.

ಜಿಲ್ಲೆಯಲ್ಲಿ ಬಳಕೆಯಲ್ಲಿರುವ ಸಾಧನಗಳು

ಒಳಗಿನ ವ್ಯವಸ್ಥೆಯ ಮೇಲೆ ಈ ಸಾಧನಗಳನ್ನು ನಾಲ್ಕು ವರ್ಗವಾಗಿ ನೋಡಬಹುದು.

ಮೊದಲನೆಯದು ಕಾರ್ಯಾಚರಣ ವ್ಯವಸ್ಥೆಯೇ ಬೇಕಿಲ್ಲದ ವರ್ಗ. ಚಿತ್ರದುರ್ಗ ಜಿಲ್ಲೆಯ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವುದರಿಂದ ಊರೂರಿಗೆ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದಿವೆ. ನಾಣ್ಯ ಹಾಕಿದರೆ ಕ್ಯಾನ್ ತುಂಬಿಸುವ ಯಂತ್ರಕ್ಕೆ ನಾಣ್ಯ ಗುರುತಿಸಿ, ವಾಲ್ವ್ ತೆರೆದು, ಅಳತೆ ಮುಗಿದಾಗ ಮುಚ್ಚುವಷ್ಟೇ ಕೆಲಸ. ಅದಕ್ಕೆ ಒಂದು ಮೈಕ್ರೋಕಂಟ್ರೋಲರ್, ಅದರಲ್ಲೊಂದು ಪುಟ್ಟ ಪ್ರೋಗ್ರಾಂ ಸಾಕು. ತಕ್ಷಣ ಚಾಲೂ ಆಗುವುದು, ವೈರಸ್ಸಿಗೆ ಎಡೆಯಿಲ್ಲದಿರುವುದು ಇದರ ಗುಣಗಳು.

ಎರಡನೆಯದು ರಿಯಲ್ ಟೈಂ, ಅಂದರೆ ನಿಗದಿತ ಸಮಯದೊಳಗೆ ಸ್ಪಂದಿಸುವ ವ್ಯವಸ್ಥೆಗಳ ವರ್ಗ. ಹಣ ಬಂದಿದೆಯೆಂದು ಕನ್ನಡದಲ್ಲೇ ಕೂಗಿ ಹೇಳುವ ಯುಪಿಐ ಸ್ಪೀಕರುಗಳು ಹೂವಿನಂಗಡಿ, ತಳ್ಳುಗಾಡಿಗಳಲ್ಲೂ ಕಾಣುತ್ತವೆ. ಇಂಥ ಸಾಧನಗಳ ಚಿಪ್‌ಗಳಲ್ಲಿ ಸ್ಮರಣೆ ಕಡಿಮೆ. ಅಲ್ಲಿಗೆ ಹೊಂದುವುದು ಫ್ರೀಆರ್‌ಟಿಒಎಸ್‌ನಂಥ ಕೆಲವೇ ಕಿಲೋಬೈಟ್‌ಗಳ ವ್ಯವಸ್ಥೆ. ರಿಚರ್ಡ್ ಬ್ಯಾರಿ 2003ರಲ್ಲಿ ಬರೆದ ಅದನ್ನು 2017ರಿಂದ ಅಮೆಜಾನ್ ನೋಡಿಕೊಳ್ಳುತ್ತಿದೆ.

ಮೂರನೆಯದು ಆಂಡ್ರಾಯ್ಡ್ ವರ್ಗ. ಹೊಸ ಕಾರ್ಡ್ ಸ್ವೈಪಿಂಗ್ ಯಂತ್ರಗಳಲ್ಲಿ ಅನೇಕವು, ಕೆಎಸ್‌ಆರ್‌ಟಿಸಿ 2024ರಲ್ಲಿ ತರತೊಡಗಿದ ಯುಪಿಐ ಸೌಲಭ್ಯದ ಸ್ಮಾರ್ಟ್ ಟಿಕೆಟ್ ಯಂತ್ರಗಳು (ಇಟಿಎಂ) ಇದಕ್ಕೆ ಸೇರುತ್ತವೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಟಿಕೆಟ್ ಯಂತ್ರದ ಮಹತ್ವ ಹೆಚ್ಚಿತು. ಉಚಿತವಾಗಿ ಪ್ರಯಾಣಿಸುವ ಮಹಿಳೆಗೂ ಕಂಡಕ್ಟರ್ ಶೂನ್ಯ ಟಿಕೆಟ್ ಕೊಡಬೇಕು. ಸರ್ಕಾರ ನಿಗಮಕ್ಕೆ ತುಂಬಿಕೊಡುವ ಹಣದ ಲೆಕ್ಕ ಆ ಟಿಕೆಟ್‌ಗಳ ಮೇಲೆಯೇ ನಿಂತಿದೆ. ಯಂತ್ರ ನಡುದಾರಿಯಲ್ಲಿ ಹ್ಯಾಂಗ್ ಆದರೆ ಸರದಿಯ ಜೊತೆ ಲೆಕ್ಕವೂ ನಿಲ್ಲುತ್ತದೆ.

ನಾಲ್ಕನೆಯದು ಪೂರ್ಣ ಕಂಪ್ಯೂಟರ್ ಅಡಗಿರುವ ಸಾಧನಗಳ ವರ್ಗ. ಎಟಿಎಂ, ಸೂಪರ್ ಮಾರ್ಕೆಟಿನ ಬಿಲ್ಲಿಂಗ್ ಕೌಂಟರ್, ಸರ್ಕಾರಿ ಸೇವೆಯ ಗ್ರಾಮ ಒನ್ ಕೇಂದ್ರ ಇಲ್ಲಿಗೆ ಬರುತ್ತವೆ. ಹಿರಿಯೂರು ತಾಲ್ಲೂಕಿನ ಗುಯಿಲಾಳು ಟೋಲ್ ಪ್ಲಾಜಾದಂಥ ಕಡೆ ಪ್ರತಿ ಲೇನಿನಲ್ಲೂ ಟ್ಯಾಗ್ ಓದಿ ಗೇಟ್ ತೆರೆಯುವ ನಿಯಂತ್ರಕ ಇರುತ್ತದೆ. 2021ರ ಫೆಬ್ರುವರಿ ಮಧ್ಯದಿಂದ ಫಾಸ್ಟ್ಯಾಗ್ ಕಡ್ಡಾಯವಾದ ಮೇಲೆ ಈ ನಿಯಂತ್ರಕ ಎಡವಿದರೆ ಹೆದ್ದಾರಿಯೇ ಕಾಯಬೇಕಾಗುತ್ತದೆ.

ಆಯ್ಕೆಯ ಮಾನದಂಡಗಳು

ಬೆಂಬಲದ ಅವಧಿ. ಭದ್ರತಾ ಪರಿಷ್ಕರಣೆ ನಿಂತ ವ್ಯವಸ್ಥೆಯಲ್ಲಿ ಆಮೇಲೆ ಪತ್ತೆಯಾಗುವ ದೋಷಗಳು ತೆರೆದೇ ಉಳಿಯುತ್ತವೆ. ಇದಕ್ಕೆ ಎಟಿಎಂಗಳೇ ನಿದರ್ಶನ. ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ 2014ರ ಏಪ್ರಿಲ್ 8ಕ್ಕೆ ಮುಗಿಯಿತು. ನಾಲ್ಕು ವರ್ಷ ಕಳೆದರೂ ದೇಶದ ಅನೇಕ ಎಟಿಎಂಗಳು ಅದರ ಮೇಲೆಯೇ ನಡೆಯುತ್ತಿದ್ದವು. 2018ರ ಜೂನ್ 21ರಂದು ರಿಸರ್ವ್ ಬ್ಯಾಂಕ್ ಸುತ್ತೋಲೆ ಹೊರಡಿಸಿ, ಆ ವರ್ಷದ ಸೆಪ್ಟೆಂಬರಿಗೆ ಶೇ 25, ಡಿಸೆಂಬರಿಗೆ ಶೇ 50, 2019ರ ಮಾರ್ಚಿಗೆ ಶೇ 75, ಜೂನಿಗೆ ಎಲ್ಲ ಎಟಿಎಂಗಳನ್ನೂ ಬೆಂಬಲವಿರುವ ವ್ಯವಸ್ಥೆಗೆ ಬದಲಿಸುವಂತೆ ಬ್ಯಾಂಕುಗಳಿಗೆ ಗಡುವು ಕೊಟ್ಟಿತು. ಯುಎಸ್‌ಬಿ ಪೋರ್ಟ್ ಮುಚ್ಚುವುದು, ಬಯೋಸ್‌ಗೆ ಪಾಸ್‌ವರ್ಡ್ ಹಾಕುವುದು, ಅನುಮತಿ ಪಡೆದ ತಂತ್ರಾಂಶ ಮಾತ್ರ ನಡೆಯುವಂತೆ ಬಿಗಿಮಾಡುವುದೂ ಆ ಆದೇಶದಲ್ಲಿದ್ದವು.

ಒಂದೇ ಬೇರಿನ ಎರಡು ಆವೃತ್ತಿಗಳ ಆಯುಸ್ಸು ಬೇರೆಯಾಗಿರಬಹುದು. ಸಾಮಾನ್ಯ ಎಕ್ಸ್‌ಪಿ 2014ರಲ್ಲಿ ನಿಂತರೂ, ಅಂಗಡಿ ಯಂತ್ರಗಳಿಗೆಂದೇ ಅದರಿಂದ ರೂಪುಗೊಂಡ ಪೋಸ್‌ರೆಡಿ 2009ಕ್ಕೆ 2019ರ ಏಪ್ರಿಲ್‌ವರೆಗೆ ಪರಿಷ್ಕರಣೆ ಸಿಕ್ಕಿತು. ಸಾಮಾನ್ಯ ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದರೆ, ವಿಂಡೋಸ್ 10 ಐಒಟಿ ಎಂಟರ್‌ಪ್ರೈಸ್‌ನ 2021ರ ದೀರ್ಘಾವಧಿ ಆವೃತ್ತಿಗೆ 2032ರ ಜನವರಿವರೆಗೂ ಇದೆ. ಈ ಆವೃತ್ತಿ ಸಾಮಾನ್ಯವಾಗಿ ಸಾಧನ ತಯಾರಕರ ಮೂಲಕವೇ ಬರುವಂಥದ್ದು. ಹಳೆಯ ಕೌಂಟರ್ ಕಂಪ್ಯೂಟರನ್ನು ವಿಂಡೋಸ್ 11ಕ್ಕೆ ಏರಿಸಲು ಹೊರಟರೆ ಅದು ಕೇಳುವ ಟಿಪಿಎಂ 2.0 ಭದ್ರತಾ ಚಿಪ್ ಮತ್ತು ಹೊಸ ಪ್ರೊಸೆಸರ್ ಎಷ್ಟೋ ಸಲ ಇರುವುದಿಲ್ಲ. ಲಿನಕ್ಸ್‌ನಲ್ಲಿ ಸಿವಿಲ್ ಇನ್‌ಫ್ರಾಸ್ಟ್ರಕ್ಚರ್ ಪ್ಲಾಟ್‌ಫಾರ್ಮ್ ಯೋಜನೆ ಆಯ್ದ ಕರ್ನಲ್‌ಗಳನ್ನು, ಅಂದರೆ ವ್ಯವಸ್ಥೆಯ ತಿರುಳಿನ ಆವೃತ್ತಿಗಳನ್ನು, ಕನಿಷ್ಠ ಹತ್ತು ವರ್ಷ ಕಾಪಾಡುವ ಗುರಿ ಇಟ್ಟುಕೊಂಡಿದೆ. ಆಂಡ್ರಾಯ್ಡ್‌ನಲ್ಲಿ ಗೂಗಲ್ ಪರಿಷ್ಕರಣೆ ಹೊರಡಿಸಿದರೂ ಅದನ್ನು ತನ್ನ ಯಂತ್ರಕ್ಕೆ ಹೊಂದಿಸಿ ಕಳಿಸಬೇಕಾದವನು ತಯಾರಕ. ಅವನು ಕೈಬಿಟ್ಟರೆ ಯಂತ್ರ ಅಲ್ಲಿಗೇ ನಿಂತಿತು.

ಜೊತೆ ಸಾಧನಗಳ ಹೊಂದಾಣಿಕೆ. ಎಷ್ಟೋ ಸಲ ವ್ಯವಸ್ಥೆಯನ್ನು ಅಂಗಡಿಯವರು ಆರಿಸುವುದಿಲ್ಲ, ಈಗಾಗಲೇ ಇರುವ ತಂತ್ರಾಂಶವೇ ಆರಿಸುತ್ತದೆ. ಟ್ಯಾಲಿ ನಡೆಯುವುದು ವಿಂಡೋಸ್ ಮೇಲೆ. ಆದ್ದರಿಂದ ಹೊಸದುರ್ಗದ ಕೊಬ್ಬರಿ ವರ್ತಕರಾಗಲಿ ಹೊಳಲ್ಕೆರೆಯ ಅಡಿಕೆ ವರ್ತಕರಾಗಲಿ ಲೆಕ್ಕವನ್ನೂ ಬಿಲ್ಲನ್ನೂ ಒಂದೇ ಯಂತ್ರದಲ್ಲಿ ಟ್ಯಾಲಿಯಿಂದ ಮಾಡುವುದಾದರೆ ಲಿನಕ್ಸ್ ಕೌಂಟರ್ ಹೊಂದುವುದಿಲ್ಲ. ಪಡಿತರದಂಥ ಆಧಾರ್ ಆಧಾರಿತ ಸೇವೆಗಳ ಬೆರಳಚ್ಚು ಸಾಧನಗಳದ್ದು ಇನ್ನೊಂದು ಕಟ್ಟುಪಾಡು. ಆಧಾರ್ ಪ್ರಾಧಿಕಾರದ ನಿಯಮದಂತೆ ಬೆರಳಚ್ಚು ನೋಂದಾಯಿತ ಸಾಧನದಲ್ಲೇ ಗೂಢಲಿಪಿಯಾಗಿ ಹೊರಬರಬೇಕು. ಇದಕ್ಕೆ ಬೇಕಾದ ಆರ್‌ಡಿ ಸರ್ವಿಸ್ ತಂತ್ರಾಂಶ ಮುಖ್ಯವಾಗಿ ವಿಂಡೋಸ್ ಮತ್ತು ಆಂಡ್ರಾಯ್ಡ್‌ಗೆ ಸಿಗುತ್ತದೆ.

ಕನ್ನಡ. ಪರದೆಯಲ್ಲಿ ಕನ್ನಡ ಸರಿಯಾಗಿ ಮೂಡಲು ಫಾಂಟ್ ಒಂದಿದ್ದರೆ ಸಾಲದು. ಒತ್ತಕ್ಷರ, ಗುಣಿತಗಳನ್ನು ಜೋಡಿಸುವ ಎಂಜಿನ್ ವ್ಯವಸ್ಥೆಯಲ್ಲಿರಬೇಕು. ವಿಂಡೋಸ್‌ನಲ್ಲಿ ಎಕ್ಸ್‌ಪಿ ಕಾಲದಿಂದ ತುಂಗಾ ಫಾಂಟ್ ಜೊತೆ ಈ ಸೌಲಭ್ಯವಿದೆ. ಆಂಡ್ರಾಯ್ಡ್‌ಗೆ 2012ರ 4.1 ಆವೃತ್ತಿಯಲ್ಲಿ ಕನ್ನಡ ಬಂತು. ಲಿನಕ್ಸ್‌ನಲ್ಲಿ ಹಾರ್ಫ್‌ಬಝ್ ಈ ಕೆಲಸ ಮಾಡುತ್ತದೆ. ಜಾಗ ಉಳಿಸಲೆಂದು ತಯಾರಕರು ಈ ಭಾಗವನ್ನು ಕಿತ್ತುಹಾಕಿದ್ದರೆ ‘ಅಕ್ಕಿ’, ‘ಬೆಲ್ಲ’ಗಳ ಒತ್ತುಗಳು ಪಕ್ಕಕ್ಕೆ ಸರಿದು ನಿಲ್ಲುತ್ತವೆ, ಇಲ್ಲವೇ ಬರೀ ಚೌಕಗಳು ಕಾಣುತ್ತವೆ. ಸಾಮಾನ್ಯ ಥರ್ಮಲ್ ಪ್ರಿಂಟರಿನೊಳಗೆ ಕನ್ನಡ ಫಾಂಟ್ ಇರುವುದಿಲ್ಲ. ಕನ್ನಡದ ಬಿಲ್ಲು ಬೇಕಾದರೆ ವ್ಯವಸ್ಥೆ ಇಡೀ ಸಾಲನ್ನು ಚಿತ್ರವಾಗಿ ಮಾಡಿ ಪ್ರಿಂಟರಿಗೆ ಕಳಿಸಬೇಕು. ಇದರಿಂದ ಮುದ್ರಣ ತುಸು ನಿಧಾನವಾಗುತ್ತದೆ. ನುಡಿಯಂಥ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಸಂಕೇತದಲ್ಲಿ ಟೈಪ್ ಮಾಡಿದ ಸರಕಿನ ಪಟ್ಟಿಯನ್ನು ಮೊದಲು ಯೂನಿಕೋಡ್‌ಗೆ ಬದಲಿಸಿಕೊಳ್ಳಬೇಕು.

ವಿದ್ಯುತ್ ಮತ್ತು ನೆಟ್‌ವರ್ಕ್. ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಕಡತಗಳು ಕೆಟ್ಟು ಯಂತ್ರ ಚಾಲೂ ಆಗದಿರಬಹುದು. ಇದನ್ನು ತಡೆಯಲು ಮೂಲ ವ್ಯವಸ್ಥೆಯನ್ನು ಓದಲಷ್ಟೇ ಬರುವಂತೆ ಇಟ್ಟು, ಬದಲಾವಣೆಗಳನ್ನು ಬೇರೆ ಪದರಕ್ಕೆ ಹಾಕುತ್ತಾರೆ. ವಿಂಡೋಸ್‌ನಲ್ಲಿ ಇದಕ್ಕೆ ಯೂನಿಫೈಡ್ ರೈಟ್ ಫಿಲ್ಟರ್, ಲಿನಕ್ಸ್‌ನಲ್ಲಿ 2014ರಲ್ಲಿ ಕರ್ನಲ್ ಸೇರಿದ ಓವರ್‌ಲೇ ಕಡತ ವ್ಯವಸ್ಥೆ ಇವೆ. ಬಿಲ್ಲಿನ ದತ್ತಾಂಶಕ್ಕೆ ಮಾತ್ರ ಬರೆಯಲು ಬರುವ ಪ್ರತ್ಯೇಕ ಜಾಗ ಇರಬೇಕು. ಇಲ್ಲದಿದ್ದರೆ ಯಂತ್ರ ಮತ್ತೆ ಚಾಲೂ ಆದಾಗ ದಿನದ ವ್ಯಾಪಾರದ ಲೆಕ್ಕವೂ ಅಳಿಸಿಹೋಗುತ್ತದೆ. ಸಿಗ್ನಲ್ ಇಲ್ಲದ ಹಳ್ಳಿ ದಾರಿಯಲ್ಲಿ ಟಿಕೆಟ್ ಯಂತ್ರ ಲೆಕ್ಕವನ್ನು ತನ್ನಲ್ಲೇ ಇಟ್ಟುಕೊಂಡು ಸಿಗ್ನಲ್ ಬಂದಾಗ ಕಳಿಸುವಂತಿರಬೇಕು.

ಭದ್ರತೆ. 2013ರಲ್ಲಿ ಅಮೆರಿಕದ ಟಾರ್ಗೆಟ್ ಮಳಿಗೆಗಳ ಬಿಲ್ಲಿಂಗ್ ಯಂತ್ರಗಳಿಗೆ ಕುತಂತ್ರಾಂಶ ನುಗ್ಗಿ ಸುಮಾರು 4 ಕೋಟಿ ಕಾರ್ಡುಗಳ ವಿವರ ಕದ್ದಿತು. ಕಾರ್ಡಿನ ಮಾಹಿತಿ ಸ್ಮರಣೆಯಲ್ಲಿ ಕ್ಷಣಕಾಲ ಬಯಲಾಗುವಾಗಲೇ ಅದನ್ನು ದೋಚುವ ವಿಧಾನ ಅದು. ಈಗಿನ ಆಂಡ್ರಾಯ್ಡ್ ಪಾವತಿ ಯಂತ್ರಗಳಲ್ಲಿ ಕಾರ್ಡ್ ಮತ್ತು ಪಿನ್ ನಿಭಾಯಿಸಲು ಬೇರೆಯೇ ಸುರಕ್ಷಿತ ಪ್ರೊಸೆಸರ್ ಇರುವುದು ಇಂಥ ದಾಳಿ ಅಲ್ಲಿಗೆ ತಲುಪದಂತೆ. ಆದರೆ ಪರಿಷ್ಕರಣೆಯೇ ಮುಳುವಾಗುವುದೂ ಉಂಟು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಭದ್ರತಾ ತಂತ್ರಾಂಶದ ದೋಷಯುಕ್ತ ಪರಿಷ್ಕರಣೆಯಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಸಾಧನಗಳು ಕುಸಿದವು. ಬೆಂಗಳೂರು ವಿಮಾನ ನಿಲ್ದಾಣದಲ್ಲೂ ಕೆಲವು ಸಂಸ್ಥೆಗಳ ಚೆಕ್‌ಇನ್ ಅಸ್ತವ್ಯಸ್ತವಾಯಿತು. ಹಳೆಯ ಮತ್ತು ಹೊಸ ಪ್ರತಿಗಳೆರಡನ್ನೂ ಯಂತ್ರದಲ್ಲಿಟ್ಟು, ಹೊಸದು ಎಡವಿದರೆ ತಾನಾಗಿ ಹಳೆಯದಕ್ಕೆ ಮರಳುವ ಪದ್ಧತಿ ಇದಕ್ಕೆ ಮದ್ದು. ರಿಪೇರಿಗೆ ಎಂಜಿನಿಯರ್ ದೂರದ ಊರಿನಿಂದ ಬರಬೇಕಾದ ಕಡೆ ಈ ಸೌಲಭ್ಯವಿಲ್ಲದ ಯಂತ್ರ ದುಬಾರಿಯಾಗುತ್ತದೆ.

ವೆಚ್ಚ. ಲಿನಕ್ಸ್‌ಗೆ ಪರವಾನಗಿ ಶುಲ್ಕವಿಲ್ಲ. ಆದರೆ ಯೊಕ್ಟೋ ಅಥವಾ ಬಿಲ್ಡ್‌ರೂಟ್‌ನಂಥ ಸಲಕರಣೆ ಬಳಸಿ ಯಂತ್ರಕ್ಕೆ ತಕ್ಕ ಪ್ರತಿ ಕಟ್ಟಲು, ಮುಂದೆ ಕಾಪಾಡಲು ನುರಿತ ಎಂಜಿನಿಯರುಗಳು ಬೇಕು. ಸಾವಿರಾರು ಯಂತ್ರ ಕೊಳ್ಳುವ ಸಾರಿಗೆ ನಿಗಮಕ್ಕೆ ಈ ಖರ್ಚು ಹಂಚಿಹೋಗುತ್ತದೆ, ಒಂದೇ ಕೌಂಟರಿನ ಅಂಗಡಿಗೆ ಹೊರೆಯಾಗುತ್ತದೆ. ವಿಂಡೋಸ್‌ಗೆ ಶುಲ್ಕವಿದ್ದರೂ ಅದನ್ನು ಬಲ್ಲ ರಿಪೇರಿಯವರು ತಾಲ್ಲೂಕು ಕೇಂದ್ರದಲ್ಲೇ ಸಿಗುತ್ತಾರೆ.

ತಾಲ್ಲೂಕು ಕೇಂದ್ರಗಳಿಗೆ ತಕ್ಕ ಆಯ್ಕೆ

ಬಿಲ್ಲು, ಯುಪಿಐ, ಕಾರ್ಡ್ ಇಷ್ಟೇ ಬೇಕಾದ ಸಣ್ಣ ಅಂಗಡಿಗೆ, ಹಿರಿಯೂರಿನ ಹೆದ್ದಾರಿ ಬದಿಯ ಹೋಟೆಲಿನ ಟೋಕನ್ ಕೌಂಟರಿಗೆ ಬ್ಯಾಟರಿ ಇರುವ ಆಂಡ್ರಾಯ್ಡ್ ಯಂತ್ರ ಹೊಂದುತ್ತದೆ. ಟ್ಯಾಲಿ ನೆಚ್ಚಿದ ಮಂಡಿ ಮತ್ತು ಸಗಟು ವ್ಯಾಪಾರಕ್ಕೆ ವಿಂಡೋಸ್‌ನ ದೀರ್ಘಾವಧಿ ಆವೃತ್ತಿ ಮೇಲು. ಒಂದೇ ಬಗೆಯ ನೂರಾರು ಕಿಯೋಸ್ಕ್ ಇಡುವ ಇಲಾಖೆ ಅಥವಾ ನಿಗಮಕ್ಕೆ, ಬೇಕಾದ ಜೊತೆ ಸಾಧನಗಳ ಚಾಲಕ ತಂತ್ರಾಂಶ ಸಿಗುವುದಾದರೆ, ಲಿನಕ್ಸ್ ಅಗ್ಗವೂ ಭದ್ರವೂ ಹೌದು. ನಾಣ್ಯದ ನೀರಿನ ಯಂತ್ರಕ್ಕೆ ಮೈಕ್ರೋಕಂಟ್ರೋಲರಿಗಿಂತ ದೊಡ್ಡದೇನೂ ಬೇಕಿಲ್ಲ. ಯಾವುದನ್ನೇ ಕೊಂಡರೂ ವ್ಯವಸ್ಥೆಯ ಆವೃತ್ತಿ ಮತ್ತು ಅದರ ಬೆಂಬಲ ಮುಗಿಯುವ ದಿನಾಂಕವನ್ನು ಮಾರಾಟಗಾರರಿಂದ ಬರಹದಲ್ಲಿ ಪಡೆಯಬೇಕು. ಆ ದಿನಾಂಕ ಯಂತ್ರವನ್ನು ಬಳಸಬೇಕೆಂದಿರುವ ಅವಧಿ ಮುಗಿಯುವ ಮೊದಲೇ ಬರುವುದಾದರೆ, ಬೆಲೆ ಎಷ್ಟೇ ಕಡಿಮೆಯಿದ್ದರೂ ಆ ಯಂತ್ರ ತಕ್ಕದ್ದಲ್ಲ.