ಪ್ರಸವಪೂರ್ವ ರಕ್ತರೋಗ ಪರೀಕ್ಷೆ: ಹೈದರಾಬಾದಿನ ಕುಟುಂಬಗಳ ಧೋರಣೆ

ಹಿಮೋಗ್ಲೋಬಿನ್ ಸಾಕಷ್ಟು ತಯಾರಾಗದ ಥಲಸ್ಸೀಮಿಯ, ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗುವ ಸಿಕಲ್ ಸೆಲ್ ರೋಗ ಮೊದಲಾದ ಆನುವಂಶಿಕ ರಕ್ತರೋಗಗಳನ್ನು ಭ್ರೂಣದಲ್ಲಿಯೇ ಗುರುತಿಸುವ ಪರೀಕ್ಷೆಯ ಬಗ್ಗೆ ಹೈದರಾಬಾದಿನ ಕುಟುಂಬಗಳು ತಳೆಯುವ ನಿಲುವು, ಅದು ಬದುಕಿನ ಯಾವ ಘಟ್ಟದಲ್ಲಿ ಅವರ ಮುಂದೆ ಬರುತ್ತದೆ ಎಂಬುದನ್ನು ಬಹುಮಟ್ಟಿಗೆ ಅವಲಂಬಿಸಿದೆ. ನಗರದಲ್ಲಿ ಸೌಲಭ್ಯಗಳ ಕೊರತೆಯಿಲ್ಲ. 1998ರಲ್ಲಿ ಆರಂಭವಾದ ಥಲಸ್ಸೀಮಿಯ ಅಂಡ್ ಸಿಕಲ್ ಸೆಲ್ ಸೊಸೈಟಿ ರೋಗಿಗಳಿಗೆ ರಕ್ತ ನೀಡುತ್ತಿದ್ದರೆ, ಡಿಎನ್ಎ ಬೆರಳಚ್ಚು ಮತ್ತು ರೋಗನಿದಾನ ಕೇಂದ್ರವು ವಂಶವಾಹಿ ಪರೀಕ್ಷೆಗೆ ಹೆಸರಾಗಿದೆ.

ತಂದೆತಾಯಿ ಇಬ್ಬರೂ ವಾಹಕರಾಗಿದ್ದರೆ, ಅಂದರೆ ತಮಗೆ ರೋಗವಿಲ್ಲದೆ ಅದರ ಒಂದು ವಂಶವಾಹಿಯನ್ನು ಹೊತ್ತಿದ್ದರೆ, ಪ್ರತಿ ಗರ್ಭಧಾರಣೆಯಲ್ಲಿಯೂ ರೋಗದ ಸಂಭವ ಶೇಕಡಾ 25. ಇದನ್ನು ‘ನಾಲ್ವರಲ್ಲಿ ಒಬ್ಬರಿಗೆ’ ಎಂದು ಕೇಳಿಸಿಕೊಂಡವರು, ಮೊದಲ ಮಗುವಿಗೆ ರೋಗ ಬಂದಾಗಿದೆ, ಇನ್ನು ಮೂರಕ್ಕೆ ಭಯವಿಲ್ಲ ಎಂದು ಲೆಕ್ಕ ಹಾಕುವುದುಂಟು. ಈ ತಪ್ಪು ಲೆಕ್ಕದ ಬೆಲೆಯನ್ನು ಎರಡನೆಯ ಮಗು ತೆರಬೇಕಾಗುತ್ತದೆ. ಎರಡು ಮೂರು ವಾರಗಳಿಗೊಮ್ಮೆ ಮಗುವಿನ ಕೈಗೆ ಸೂಜಿ ಚುಚ್ಚಿಸಿ, ರಕ್ತದ ಚೀಲ ಖಾಲಿಯಾಗುವವರೆಗೆ ಪಕ್ಕದಲ್ಲಿ ಕಾದು ಕುಳಿತ ತಾಯಿಗೆ ಪರೀಕ್ಷೆಯ ಅಗತ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಮದುವೆಗೆ ಮುಂಚೆ ವಾಹಕತ್ವದ ರಕ್ತಪರೀಕ್ಷೆ ಎಂದೊಡನೆ ಮನೆಯವರು ಹಿಂಜರಿಯುತ್ತಾರೆ: ಹುಡುಗಿಗೆ ವಾಹಕಳೆಂಬ ಹೆಸರು ಬಂದರೆ ಸಂಬಂಧ ಕೂಡಿಬಾರದೆಂಬ ಅಂಜಿಕೆ ಒಂದು ಕಡೆ, ತೆಲುಗರು ‘ಮೇನರಿಕಂ’ ಎನ್ನುವ ಸೋದರಿಕೆಯ ಮದುವೆಯನ್ನು ದೂಷಿಸಿದಂತಾಗುತ್ತದೆಂಬ ಮುನಿಸು ಇನ್ನೊಂದು ಕಡೆ.

ಭ್ರೂಣದಲ್ಲಿ ರೋಗ ಕಂಡುಬಂದರೆ ಗರ್ಭಪಾತದ ಪ್ರಶ್ನೆ ಎದುರಾಗುತ್ತದೆ; ಆ ಬಗ್ಗೆ ಮುಸ್ಲಿಮರ ಧಾರ್ಮಿಕ ನಿಲುವನ್ನು ಬರಿಯ ವಿರೋಧವೆಂದು ಭಾವಿಸುವುದು ಅನ್ಯಾಯ. ಮೆಕ್ಕಾದ ಇಸ್ಲಾಮಿಕ್ ಫಿಕ್ಹ್ ಪರಿಷತ್ತು 1990ರಲ್ಲಿ, ಭ್ರೂಣಕ್ಕೆ ಗುಣವಾಗದ ತೀವ್ರ ದೋಷವಿದೆಯೆಂದು ತಜ್ಞರು ದೃಢಪಡಿಸಿದರೆ ಗರ್ಭ ನಿಂತ 120 ದಿನಗಳೊಳಗೆ ಗರ್ಭಪಾತಕ್ಕೆ ಅವಕಾಶವಿದೆ ಎಂದಿತು. ಈ ಗಡುವನ್ನು ಪಾಲಿಸುವ ಕುಟುಂಬಕ್ಕೆ, ಸುಮಾರು 11ನೆಯ ವಾರದಲ್ಲಿ ಮಾಸಿನ ಎಳೆಯನ್ನು ತೆಗೆದು ಮಾಡುವ ಪರೀಕ್ಷೆ ಒಪ್ಪಿತವಾಗಬಹುದು. 16ನೆಯ ವಾರದ ಅನಂತರ ಗರ್ಭಜಲ ತೆಗೆದು ಪರೀಕ್ಷಿಸಿದರೆ ವರದಿ ಕೈಸೇರುವಷ್ಟರಲ್ಲಿ ಗಡುವು ಅಂಚಿಗೆ ಬಂದಿರುತ್ತದೆ.

ಭ್ರೂಣದ ಲಿಂಗ ತಿಳಿಸುವುದನ್ನು ನಿಷೇಧಿಸಿದ 1994ರ ಕಾಯಿದೆಯೇ ಹಿಮೋಗ್ಲೋಬಿನ್ ದೋಷಗಳ ಪರೀಕ್ಷೆಗೆ ಅನುಮತಿ ನೀಡಿದೆ. ತೀವ್ರ ದೋಷವಿದ್ದಲ್ಲಿ ವೈದ್ಯಕೀಯ ಮಂಡಳಿಯ ಒಪ್ಪಿಗೆಯಿಂದ 24 ವಾರಗಳ ಮಿತಿ ಮೀರಿಯೂ ಗರ್ಭಪಾತಕ್ಕೆ ವೈದ್ಯಕೀಯ ಗರ್ಭಪಾತ ಕಾಯಿದೆಯ 2021ರ ತಿದ್ದುಪಡಿ ದಾರಿ ಮಾಡಿಕೊಟ್ಟಿದೆಯಾದರೂ, 120 ದಿನಗಳನ್ನೇ ಎಣಿಸುವ ಮನೆಗೆ ಆ ಸಡಿಲಿಕೆಯಿಂದ ಪ್ರಯೋಜನವಿಲ್ಲ; ಗರ್ಭಿಣಿ ಮೊದಲ ಸಲ ಆಸ್ಪತ್ರೆಗೆ ಬಂದ ದಿನವೇ ಗಂಡಹೆಂಡಿರಿಬ್ಬರ ರಕ್ತಪರೀಕ್ಷೆಯಾದರೆ ಮಾತ್ರ ಅವರಿಗೆ ಆಯ್ಕೆ ಉಳಿಯುತ್ತದೆ.