ಆಲೆಮನೆಯ ಒಲೆ: ಶಾಖ ಮತ್ತು ಹೊಗೆದಾರಿ

ಶೀತದೇಶಗಳ ಗೃಹಗಳಲ್ಲಿ ಕುಲುಮೆಯಿಂದ ಹೊರಟ ಗಾಳಿಯು ಸುಮಾರು 50ರಿಂದ 60 ಡಿಗ್ರಿ ಸೆಲ್ಸಿಯಸ್ ಶಾಖದೊಡನೆ ಕೊಳವೆಗಳಲ್ಲಿ ಹರಿದು ಕೊಠಡಿಗಳನ್ನು ಬೆಚ್ಚಗಿಡುತ್ತದೆ. ಚಳಿಗಾಲವೂ ಸೌಮ್ಯವಾಗಿರುವ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳ ಸೀಮೆಯಲ್ಲಿ ಅಂತಹ ಏರ್ಪಾಡು ಅವಶ್ಯವೆನಿಸಲಿಲ್ಲವಾಗಿ, ಬೆಂಕಿಯನ್ನೂ ಹೊಗೆಯನ್ನೂ ದಾರಿಗೊಳಿಸುವ ವಿದ್ಯೆಯು ಇಲ್ಲಿ ಕಬ್ಬಿನ ಬೆಲ್ಲ ಕಾಸುವ ಆಲೆಮನೆಯ ಒಲೆಯಲ್ಲಿ ಬೆಳೆಯಿತು.

1800ರಲ್ಲಿ ಈ ಪ್ರಾಂತದಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಶ್ರೀರಂಗಪಟ್ಟಣದ ಸುತ್ತಣ ಕಬ್ಬಿನ ಬೇಸಾಯವನ್ನು ವರ್ಣಿಸಿದ್ದಾನೆ. 1847ರಲ್ಲಿ ಪಾಲಹಳ್ಳಿಯಲ್ಲಿ ಸ್ಥಾಪಿತವಾದ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆಯು ರೈತರು ಕಾಸಿದ ಬೆಲ್ಲವನ್ನೇ ಶುದ್ಧಿಗೊಳಿಸಿ ಸಕ್ಕರೆಯನ್ನಾಗಿಸುತ್ತಿದ್ದಿತು. 1911ರಲ್ಲಿ ನಿರ್ಮಾಣ ಆರಂಭವಾದ ಕೃಷ್ಣರಾಜಸಾಗರದ ನೀರು ನಾಲೆಗಳಿಗಿಳಿದ ಮೇಲೆ ಕಬ್ಬು ಹಬ್ಬಿತು. 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿಯು ತಲೆಯೆತ್ತಿದರೂ ಆಲೆಮನೆಗಳು ಅಳಿಯಲಿಲ್ಲ.

ಒಲೆಯ ಕಾರ್ಯಕ್ರಮವು ಸೂಕ್ಷ್ಮವಾದುದು. ಕೊಪ್ಪರಿಗೆಯಲ್ಲಿನ ಕಬ್ಬಿನ ಹಾಲು 100 ಡಿಗ್ರಿಯನ್ನು ತುಸುವೇ ಮೀರಿ ಕುದಿಯಲಾರಂಭಿಸುವುದು. ಸುಣ್ಣವನ್ನೂ ಬೆಂಡೆಯ ಲೋಳೆಯನ್ನೂ ಬೆರೆಸಿ ಮೇಲೆದ್ದ ಮಡ್ಡಿಯನ್ನು ತೆಗೆದ ತರುವಾಯ, ನೀರು ಆವಿಯಾಗಿ ಸಕ್ಕರೆಯಂಶ ಹೆಚ್ಚಿದಂತೆಲ್ಲ ಕುದಿಯುವ ಬಿಂದುವೂ ಏರುತ್ತ ಹೋಗುವುದು. ಜೋನಿಬೆಲ್ಲಕ್ಕೆ ಸುಮಾರು 105 ಡಿಗ್ರಿ ಸಾಕು. ಅಚ್ಚುಬೆಲ್ಲಕ್ಕಾದರೋ 116ರಿಂದ 120ರವರೆಗೆ ಏರಬೇಕು. ಅಲ್ಲಿಂದ ಮುಂದೆ ಪಾಕ ಸೀದು ಕಪ್ಪಾಗುವುದು, ಆ ಮಟ್ಟವನ್ನು ಮುಟ್ಟುವ ಮೊದಲೇ ಇಳಿಸಿದರೆ ಬೆಲ್ಲ ಗಟ್ಟಿಯಾಗದು. ಈ ಕಿರಿದಾದ ಅಂತರವನ್ನು ತಾಪಮಾಪಕವಿಲ್ಲದೆ, ಪಾಕದ ಒಂದು ತೊಟ್ಟನ್ನು ತಣ್ಣೀರಿಗೆ ಬಿಟ್ಟು ಬೆರಳಿನಿಂದ ಒತ್ತಿನೋಡಿ ಅರಿಯುವವನೇ ಆಲೆಮನೆಯ ನಿಜವಾದ ಶಾಸ್ತ್ರಜ್ಞ. ಅವನ ಬೆರಳಿನ ಪ್ರಮಾಣವನ್ನು ಇಂದಿನ ಉಪಕರಣವು ಸಮರ್ಥಿಸುತ್ತದೆಯೇ ಹೊರತು ಖಂಡಿಸುವುದಿಲ್ಲ.

ಗಾಣದಿಂದ ಹೊರಬಿದ್ದ ಕಬ್ಬಿನ ಸಿಪ್ಪೆಯೇ ಒಲೆಗೆ ಇಂಧನ; ಅದರಲ್ಲಿ ಅರ್ಧದಷ್ಟು ನೀರೇ ಇರುವುದರಿಂದ ಅದನ್ನು ಬಿಸಿಲಿಗೆ ಹರಡಿ ಒಣಗಿಸುತ್ತಾರೆ. ಹಸಿಯಾಗಿ ಉರಿಸಿದರೆ ಶಾಖದ ಒಂದು ಭಾಗವು ಆ ನೀರನ್ನು ಆವಿಯಾಗಿಸುವುದರಲ್ಲಿಯೇ ವ್ಯಯವಾಗುವುದು. ಒಂದೇ ಕೊಪ್ಪರಿಗೆಯ ಒಲೆಯಲ್ಲಿ ಜ್ವಾಲೆಯು ಅದರ ತಳವನ್ನು ಸವರಿ, ನೆಲದೊಳಗಿನ ಹೊಗೆದಾರಿಯನ್ನು ಹಿಡಿದು, ಇನ್ನೂ ನೂರಾರು ಡಿಗ್ರಿ ಕಾವಿರುವಂತೆಯೇ ಚಿಮಣಿಯಿಂದ ಆಕಾಶಕ್ಕೆ ಹೋಗಿಬಿಡುತ್ತದೆ. ಅದೇ ದಾರಿಯ ಮೇಲೆ ಎರಡನೆಯ, ಮೂರನೆಯ ಕೊಪ್ಪರಿಗೆಗಳನ್ನು ಕೂರಿಸಿದ ಒಲೆಗಳಲ್ಲಿ ಆ ಹೊಗೆಯೇ ಮುಂದಿನ ಹಾಲನ್ನು ಕಾಯಿಸಿಡುವುದರಿಂದ ಇಂಧನವೂ ವೇಳೆಯೂ ಉಳಿಯುತ್ತವೆ.

ಸಿಪ್ಪೆ ಸಾಲದೆಂಬ ನೆಪದಿಂದ ಹಳೆಯ ಟೈರು, ಪ್ಲಾಸ್ಟಿಕ್ಕುಗಳನ್ನು ಒಲೆಗೆ ತುಂಬುವ ಪದ್ಧತಿಯು ಈಚೆಗೆ ಕೆಲವೆಡೆ ತಲೆದೋರಿರುವುದು ಅತ್ಯಂತ ಶೋಚನೀಯ. ಅದರ ವಿಷಧೂಮವನ್ನು ಮೊದಲು ಸೇವಿಸುವವನು ಒಲೆಗೆ ಉರಿಹಾಕುವ ಕೂಲಿಯವನೇ. ಆಲೆಮನೆಯ ಒಡೆಯರು ಹೊಗೆದಾರಿಯನ್ನು ಸರಿಪಡಿಸಿ, ಸಿಪ್ಪೆಯನ್ನು ಚೆನ್ನಾಗಿ ಒಣಗಿಸಿ, ಈ ಪದ್ಧತಿಯನ್ನು ಸಂಪೂರ್ಣವಾಗಿ ತ್ಯಜಿಸಬೇಕು.