ಕಲ್ಯಾಣದ ಬುತ್ತಿ

ಬಸವಕಲ್ಯಾಣದ ಬಗ್ಗೆ ಚರಿತ್ರೆಯ ಪುಸ್ತಕಗಳಿಗೆ ಕೊರತೆಯಿಲ್ಲ. ಒಂದನೆಯ ಸೋಮೇಶ್ವರ ರಾಜಧಾನಿಯನ್ನು ಇಲ್ಲಿಗೆ ತಂದದ್ದು, ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ಬಿಲ್ಹಣ, ವಿಜ್ಞಾನೇಶ್ವರರು ಬರೆದದ್ದು, ಬಿಜ್ಜಳ, ಬಸವಣ್ಣ, ಶರಣರು ಚದುರಿಹೋದದ್ದು. ಆಮೇಲೆ ತುಘಲಕರು, ಬಹಮನಿಗಳು, ಬರೀದಶಾಹಿ, ಆದಿಲಶಾಹಿ. 1657ರಲ್ಲಿ ಔರಂಗಜೇಬನ ಮುತ್ತಿಗೆ. ಕೊನೆಗೆ ನಿಜಾಮರ ಅಧೀನದಲ್ಲಿ ಕಲ್ಯಾಣಿಯ ನವಾಬರು. ಒಂದು ಕೋಟೆಗೆ ಇಷ್ಟು ಜನ ಒಡೆಯರು! ಆದರೆ ಈ ಊರಿನವರು ದುಡಿತಕ್ಕೆ ಬಿಡುವು ಕೊಟ್ಟ ದಿನ ಎಲ್ಲಿಗೆ ಹೋಗುತ್ತಿದ್ದರು, ಯಾರ ಜೊತೆ ಹೋಗುತ್ತಿದ್ದರು, ಬುತ್ತಿಗೆ ಏನು ಕಟ್ಟಿಕೊಳ್ಳುತ್ತಿದ್ದರು ಎಂಬುದು ಈ ಪುಸ್ತಕಗಳಿಗೆ ಚರಿತ್ರೆ ಅನ್ನಿಸಿಲ್ಲ. ಯುದ್ಧ ಮಾಡದ ದಿನಗಳೇ ಹೆಚ್ಚಾಗಿದ್ದ ಜನರ ಬದುಕನ್ನು ಯುದ್ಧಗಳಿಂದ ಮಾತ್ರ ಅಳೆಯುವುದು ನಮಗೆ ಸರಿಯೆನಿಸುವುದಿಲ್ಲ.

ವಿಚಿತ್ರವೆಂದರೆ, ಈ ಪ್ರಶ್ನೆಗಳನ್ನು ಗಂಭೀರವಾಗಿ ತೆಗೆದುಕೊಂಡವನು ಕಲ್ಯಾಣದ ಒಬ್ಬ ಅರಸನೇ. ಮೂರನೆಯ ಸೋಮೇಶ್ವರ 1129ರ ಹೊತ್ತಿಗೆ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಐದು ಭಾಗಗಳಿವೆ, ಒಂದೊಂದರಲ್ಲಿ ಇಪ್ಪತ್ತು ಅಧ್ಯಾಯಗಳು. ರಾಜ್ಯ ಗಳಿಸುವುದು, ಉಳಿಸಿಕೊಳ್ಳುವುದು ಮೊದಲಿನ ಭಾಗಗಳ ವಿಷಯ. ಉಳಿದ ಮೂರು ಭಾಗಗಳು ಉಣ್ಣುವುದು, ಉಡುವುದು, ಕೇಳುವುದು, ಆಡುವುದಕ್ಕೆ ಮೀಸಲು. ಅನ್ನಭೋಗದ ಅಧ್ಯಾಯದಲ್ಲಿ ಇಡ್ಡಲಿಯ ಪೂರ್ವಜನಂತಿರುವ ಇಡ್ಡರಿಕಾ ಇದೆ, ದೋಸಕ, ವಡಿಕಾ, ಪೂರಿಕಾ ಇವೆ. ಬಗೆಬಗೆಯ ಮಾಂಸ ಮತ್ತು ಮೀನಿನ ಅಡುಗೆಯೂ ಸಂಕೋಚವಿಲ್ಲದೆ ಬಂದಿದೆ. ಕರ್ನಾಟಕದ ಪರಂಪರೆಯ ಊಟವೆಂದರೆ ಸಸ್ಯಾಹಾರ ಎಂದು ವಾದಿಸುವವರು ಈ ಅಧ್ಯಾಯವನ್ನೊಮ್ಮೆ ಓದಬೇಕು.

ನಮ್ಮನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಇದರ ಕೊನೆಯ ಭಾಗ, ಕ್ರೀಡೆಗಳದು. ತೋಟದ ವಿಹಾರ, ನೀರಾಟ, ಮರಳಿನ ಆಟ, ಬೆಳದಿಂಗಳ ಆಟ, ಕವಡೆಯಾಟ, ಒಗಟಿನ ಆಟಗಳ ನಡುವೆ 'ಸಸ್ಯಕ್ರೀಡೆ' ಎಂಬುದೊಂದಿದೆ. ಬೆಳೆ ನಿಂತ ಹೊಲದಲ್ಲಿನ ವಿಹಾರ ಅದು. ಅರಸನ ಆಟ ಹಳ್ಳಿಗೆ ಇಳಿಯಿತೋ, ಹಳ್ಳಿಯ ಆಟವನ್ನು ಅರಸ ಗ್ರಂಥಕ್ಕೆ ಏರಿಸಿದನೋ ಎಂದು ಕೇಳಿದರೆ ನಮ್ಮ ಒಲವು ಎರಡನೆಯದರ ಕಡೆಗೆ. ಯಾಕೆಂದರೆ ಅರಸರು ಹೋಗಿ ಎಂಟುನೂರು ವರ್ಷಗಳಾದರೂ, ಬಸವಕಲ್ಯಾಣ, ಹುಮನಾಬಾದ್ ಸೀಮೆಯಲ್ಲಿ ಚಳಿಗಾಲ ಬಂತೆಂದರೆ ಬೆಳೆ ನಿಂತ ಹೊಲಕ್ಕೆ ಜನ ಹೋಗುತ್ತಲೇ ಇದ್ದಾರೆ.

ಆ ದಿನ ಎಳ್ಳ ಅಮಾವಾಸ್ಯೆ. ಡಿಸೆಂಬರ್ ಕೊನೆಗೋ ಜನವರಿಯಲ್ಲೋ ಬರುತ್ತದೆ. ಮೈಸೂರು ಕಡೆಯವರಿಗೆ ಇದರ ಸಂಭ್ರಮ ಹೇಳಿದರೆ ಅರ್ಥವಾಗುವುದು ಕಷ್ಟ. ಅಂದು ಬೀದರ ಜಿಲ್ಲೆಯ ಪೇಟೆಗಳು ಯಾರೂ ಕರೆ ಕೊಡದೆ ಬಂದ್ ಆದಂತಿರುತ್ತವೆ. ಬಿಳಿಜೋಳ ಎದೆಯೆತ್ತರ ಬಂದಿರುತ್ತದೆ, ಕಡಲೆ ಕಾಯಿ ಕಟ್ಟಿರುತ್ತದೆ. ಹೊಲದ ನಡುವೆ ಜೋಳದ ದಂಟಿನಿಂದ ಗೂಡು ಕಟ್ಟಿ, ಒಳಗೆ ಐದು ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸಿ, ಚರಗ ಚೆಲ್ಲಿ, ಆಮೇಲೆ ಊಟ. ಊಟದ ಯಜಮಾನ ಭಜ್ಜಿ. ಎಣ್ಣೆಯಲ್ಲಿ ಕರಿದ ಭಜಿ ಅಲ್ಲ ಇದು. ಹಸಿ ಕಡಲೆ, ಬಟಾಣಿ, ಅವರೆ, ಸೇಂಗಾ, ಮೆಂತ್ಯೆ, ಉಳ್ಳಾಗಡ್ಡಿ ತಪ್ಪಲ, ಬದನೆಕಾಯಿ, ಗಜ್ಜರಿ ಹೀಗೆ ಆ ಕಾಲದಲ್ಲಿ ಹೊಲ, ತೋಟ ಕೊಟ್ಟದ್ದನ್ನೆಲ್ಲ ಬೇಯಿಸಿ, ಹುಳಿ ಮಜ್ಜಿಗೆ, ಕಡಲೆಹಿಟ್ಟು ಕೂಡಿಸಿ, ಹಸಿಮೆಣಸು ಬೆಳ್ಳುಳ್ಳಿಯ ಒಗ್ಗರಣೆ ಹಾಕಿದ ಮುದ್ದೆಯಂಥ ಪಲ್ಯ. ಜೊತೆಗೆ ಎಳ್ಳು ಹಚ್ಚಿದ ಸಜ್ಜಿರೊಟ್ಟಿ, ಮಣ್ಣಿನ ಗಡಿಗೆಯಲ್ಲಿ ತಣ್ಣಗಿಟ್ಟ ಜೋಳದ ಅಂಬಲಿ. ಇನ್ನೂ ಕೆಲವು ದಿನ ಕಳೆದರೆ ಕುಳ್ಳಿನ ಬೆಂಕಿಯಲ್ಲಿ ಸುಟ್ಟ ಹಾಲುಗಾಳಿನ ಜೋಳ, ಸೀತನಿ. ಅಂಗಡಿಯಿಂದ ತರಬೇಕಾದದ್ದು ಉಪ್ಪು ಮಾತ್ರ.

ಈ ಹಬ್ಬದ ನಿಯಮವೊಂದಿದೆ: ಹೊಲ ಇರುವವನು ಹೊಲ ಇಲ್ಲದವನನ್ನು ಕರೆಯಬೇಕು. "ನಾಳೆ ಹೊಲಕ್ಕ ಬರ್ರಿ ಚಾಚಾ, ಮಕ್ಕಳನ್ನೂ ಕರ್ಕೊಂಡು ಬರ್ರಿ" ಎಂಬ ಕರೆ ದರ್ಜಿಗೆ, ಬಳೆಗಾರನಿಗೆ, ಸೈಕಲ್ ರಿಪೇರಿಯವನಿಗೆ, ಶಾಲೆಯ ಮಾಸ್ತರರಿಗೆ ಹೋಗುತ್ತದೆ. ಪೇಟೆಯ ಮುಸ್ಲಿಂ ಕುಟುಂಬಗಳಲ್ಲಿ ಬಹಳಷ್ಟು ಮಂದಿಗೆ ಹೊಲವಿಲ್ಲ. ಹಾಗಾಗಿ ಎಳ್ಳ ಅಮಾವಾಸ್ಯೆ ಅವರ ಪಾಲಿಗೂ ಹಬ್ಬ. ಅದರಲ್ಲೂ ಗೋಷಾದ ಹೆಣ್ಣುಮಕ್ಕಳಿಗೆ. ಮದುವೆ, ಉರುಸು ಬಿಟ್ಟರೆ ಹೊಸಿಲು ದಾಟುವ ನೆಪ ಕಡಿಮೆಯಿದ್ದ ಕಾಲದಲ್ಲಿ, ಪರದೆ ಕಟ್ಟಿದ ಕಮಾನು ಬಂಡಿಯಲ್ಲಿ ಕುಳಿತು ಹೊಲಕ್ಕೆ ಹೋಗಿ, ಅಲ್ಲಿ ಪರದೆ ಸರಿಸಿ ಜೋಳದ ಸಾಲುಗಳ ನಡುವೆ ಓಡಾಡುವುದು ವರ್ಷಕ್ಕೊಮ್ಮೆ ಸಿಗುವ ಬಿಡುಗಡೆಯಾಗಿತ್ತು. ಮರದ ಕೊಂಬೆಗೆ ಕಟ್ಟಿದ ಜೋಕಾಲಿಯಲ್ಲಿ ಗೌಡರ ಸೊಸೆಯೂ ದರ್ಜಿಯ ಮಗಳೂ ಸರದಿಯ ಮೇಲೆ ಜೀಕುವರು.

ಹೊಲಕ್ಕೆ ಬರಲಾಗದವರ ಮನೆಗೆ ಭಜ್ಜಿಯ ಡಬ್ಬಿ ಹೋಗುತ್ತದೆ. ಡಬ್ಬಿ ಖಾಲಿ ವಾಪಸು ಬರುವುದಿಲ್ಲ. ಕೆಲವೊಮ್ಮೆ ರಂಜಾನಿನ ತನಕ ಕಾದು, ಶೀರ್ ಖುರ್ಮಾ ತುಂಬಿಕೊಂಡು ಬರುತ್ತದೆ. ಮೊಹರಂ ಬಂದಾಗ ಚೋಂಗೆ, ಮಲೀದ ಮಾಡುವುದು ಮುಸ್ಲಿಮರ ಮನೆಯಲ್ಲಿ ಮಾತ್ರವಲ್ಲ. ಅಲಾಯಿ ದೇವರಿಗೆ ಹರಕೆ ಹೊತ್ತ ಹಿಂದೂ ಮನೆಗಳ ಒಲೆಯ ಮೇಲೂ ಚೋಂಗೆ ಬೇಯುತ್ತದೆ. ಮುಸ್ಲಿಮರ ಮದುವೆಯಲ್ಲಿ ಲಿಂಗಾಯತ ಗೆಳೆಯರಿಗಾಗಿ ಅವರದೇ ಪೈಕಿ ಅಡುಗೆಯವರನ್ನು ಕರೆಸಿ ಬೇರೆ ಒಲೆ ಹೂಡುವುದು ಇಲ್ಲಿಯ ರೂಢಿ. ಇದನ್ನು ಮಡಿ ಎಂದು ಬೈಯಬಹುದು, ಅತಿಥಿಯ ಮನಸ್ಸು ಕಾಯುವ ಸೌಜನ್ಯ ಎಂದೂ ಓದಬಹುದು. ನಾವು ಎರಡನೆಯದನ್ನು ಒಪ್ಪುತ್ತೇವೆ, ಆದರೆ ಒಂದು ಮಾತು ಸೇರಿಸಿ. ದಲಿತರ ಕೇರಿಗೆ ಅದೇ ಕರೆ, ಅದೇ ಪಂಕ್ತಿ ಎಷ್ಟು ಕಾಲ ಇರಲಿಲ್ಲ ಎಂಬುದನ್ನು ಮರೆತು ಈ ಸೊಗಸನ್ನು ಹಾಡಬಾರದು. ಹರಳಯ್ಯ, ಮಧುವರಸರ ಮಕ್ಕಳ ಮದುವೆಗಾಗಿ ರಕ್ತ ಹರಿದ ಊರು ಇದು.

ಈ ಚಳಿಗಾಲದ ಉದ್ದಕ್ಕೂ ಹುಮನಾಬಾದಿನ ದಾರಿ ತುಂಬಿರುತ್ತದೆ. ದತ್ತ ಜಯಂತಿಗೆ ಪಕ್ಕದ ಮಾಣಿಕನಗರ, ಜನವರಿಯಲ್ಲಿ ವೀರಭದ್ರೇಶ್ವರನ ಜಾತ್ರೆ. ಜಾತ್ರೆಯ ವಿಷಯ ಹೆಚ್ಚು ಹೇಳಬೇಕಿಲ್ಲ. ತೇರು, ತೊಟ್ಟಿಲು, ಬೆಂಡು ಬತ್ತಾಸ, ಜಿಲೇಬಿ, ಮುಸ್ಲಿಂ ಬಳೆಗಾರರ ಮುಂದೆ ಕೈ ಚಾಚಿ ಕುಳಿತ ಹೆಂಗಸರು, ಎಲ್ಲ ಜಾತ್ರೆಗಳಂತೆಯೇ. ಮಾಣಿಕನಗರದ ಕತೆ ಬೇರೆ. ಮಾಣಿಕಪ್ರಭುಗಳು 1817ರಲ್ಲಿ ಹುಟ್ಟಿದ್ದು ಬಸವಕಲ್ಯಾಣದ ಬಳಿಯ ಲಾಡವಂತಿಯಲ್ಲಿ. ಬಾಲ್ಯ ಕಳೆದದ್ದು ನವಾಬರ ಕಲ್ಯಾಣಿಯಲ್ಲಿ. ಊರ ಹುಡುಗರನ್ನು ಕಟ್ಟಿಕೊಂಡು ಕಾಡುಮೇಡು ಅಲೆಯುತ್ತಿದ್ದ, ಆಟದಲ್ಲೇ ಮುಳುಗಿರುತ್ತಿದ್ದ ಬಾಲಕನ ಚಿತ್ರವನ್ನೇ ಅವರ ಚರಿತ್ರೆಗಳು ಕೊಡುತ್ತವೆ. 1845ರಲ್ಲಿ ಹುಮನಾಬಾದಿನ ಹತ್ತಿರ ನೆಲೆನಿಂತು ಅವರು ಕಟ್ಟಿದ ಪಂಥಕ್ಕೆ ಸಕಲಮತ ಸಂಪ್ರದಾಯ ಎಂದು ಹೆಸರು. ಎಲ್ಲ ಮತಗಳೂ ಸತ್ಯ ಎಂಬುದು ಅದರ ತಿರುಳು. ಮರಾಠಿ, ಕನ್ನಡ, ಹಿಂದುಸ್ತಾನಿಗಳಲ್ಲಿ ಪದ ಕಟ್ಟಿದ ಅವರನ್ನು ಹಿಂದೂಗಳು ದತ್ತಾವತಾರಿ ಎಂದರೆ, ಮುಸ್ಲಿಂ ಭಕ್ತರು ಮೆಹಬೂಬ್ ಸುಭಾನಿಯ ಅಂಶವನ್ನು ಅವರಲ್ಲಿ ಕಂಡರು. 1865ರಲ್ಲಿ ಅವರು ತೀರಿಕೊಂಡ ಮೇಲೂ ದರಬಾರಿನ ಸಂಗೀತ ನಿಲ್ಲಲಿಲ್ಲ. ಹಾಡು ಕೇಳಲು ಬಂದವನ ಮತವನ್ನು ಬಾಗಿಲಲ್ಲಿ ಕೇಳದ ಜಾಗವೊಂದು ದಾರಿಯ ಪಕ್ಕದಲ್ಲೇ ಇದೆ ಎಂಬುದು ಈ ಸೀಮೆಯ ಭಾಗ್ಯ.

ಮೂರನೆಯ ದಾರಿ ಹೈದರಾಬಾದಿನದು. ಸೊಲ್ಲಾಪುರ, ಹೈದರಾಬಾದ್ ಹೆದ್ದಾರಿ ಹುಮನಾಬಾದಿನ ಮೂಲಕ ಹಾದುಹೋಗುತ್ತದೆ. 1956ರಲ್ಲಿ ಬೀದರ ಮೈಸೂರು ರಾಜ್ಯಕ್ಕೆ ಸೇರಿ ಹೈದರಾಬಾದ್ ಪರರಾಜ್ಯದ ರಾಜಧಾನಿಯಾದರೂ, ಇಲ್ಲಿಯವರ ಬಾಯಲ್ಲಿ 'ಪಟ್ಟಣಕ್ಕೆ ಹೋಗಿಬರ್ತೀವಿ' ಎಂದರೆ ಬೆಂಗಳೂರಿಗಲ್ಲ. ಮಗಳ ಮದುವೆಗೆ ಲಾಡ್ ಬಜಾರಿನ ಬಳೆ, ಮಕ್ಕಾ ಮಸೀದಿಯಲ್ಲಿ ಜುಮ್ಮಾ, ಇರಾನಿ ಹೋಟೆಲಿನ ಚಹಾ. ಜನವರಿಯಲ್ಲಾದರೆ 1938ರಲ್ಲಿ ಶುರುವಾದ ನುಮಾಯಿಷ್. ಇಷ್ಟೆಲ್ಲ ಮುಗಿಸಿ ಹಸಿದು ನಿಂತಾಗ ಕಲ್ಯಾಣದವರಿಗೆ ತಮ್ಮೂರಿನ ಹೆಸರೇ ಬೋರ್ಡಿನ ಮೇಲೆ ಕಾಣುತ್ತದೆ: ಕಲ್ಯಾಣಿ ಬಿರಿಯಾನಿ. ಕರ್ನಾಟಕದಲ್ಲಿ ಕಲ್ಯಾಣ ಎಂದರೆ ವಚನ ನೆನಪಾಗುತ್ತದೆ, ಹೈದರಾಬಾದಿನಲ್ಲಿ ಬಿರಿಯಾನಿ. ಎರಡೂ ಗೌರವದ ಮಾತೇ.

ಕಲ್ಯಾಣಿಯ ನವಾಬರಿಗೆ ಹೈದರಾಬಾದಿನಲ್ಲಿ ದೇವಡಿಯಿತ್ತು. ಜಹಗೀರಿನಿಂದ ಕೋರ್ಟು ಕಚೇರಿ, ಔಷಧಿ ಎಂದು ಬಂದವರಿಗೆ ಅಲ್ಲಿ ಊಟ ಸಿಗುತ್ತಿತ್ತು, ಆ ಅಡುಗೆಮನೆಯ ಬಿರಿಯಾನಿಯೇ ಇದು ಎಂಬುದು ನಗರದಲ್ಲಿ ಬೇರೂರಿದ ಮಾತು. 1949ರಲ್ಲಿ ಜಹಗೀರುಗಳು ರದ್ದಾದವು. ದೊಡ್ಡ ಮನೆಗಳ ಅಡುಗೆಮನೆಗಳು ಸೊರಗಿದವು, ಬಾವರ್ಚಿಗಳು ಹೊಟ್ಟೆಪಾಡಿಗೆ ಬೀದಿಗೆ ಬಂದರು. ಹಾಗೆ ಬಂದ ಬಿರಿಯಾನಿ ಬಡವರದಾಯಿತು. ಕುರಿಮಾಂಸ ಅಲ್ಲ, ಸಣ್ಣ ತುಂಡುಗಳ ಎಮ್ಮೆ ಮಾಂಸ. ಕೇಸರಿ ತುಪ್ಪದ ಆಡಂಬರವಿಲ್ಲ, ಕೊತ್ತಂಬರಿ, ಜೀರಿಗೆ, ಟೊಮೆಟೊದ ಖಾರ ರುಚಿ. ರಿಕ್ಷಾ ಎಳೆಯುವವರು, ವಿದ್ಯಾರ್ಥಿಗಳು, ಗಾರೆ ಕೆಲಸದವರು ಹೊಟ್ಟೆ ತುಂಬ ಉಣ್ಣುವ ಬೆಲೆ. ನವಾಬನ ಹೆಸರಿನ ಊಟ ಕೂಲಿಯವನ ಊಟವಾದದ್ದು ಜಹಗೀರು ರದ್ದತಿಯ ಒಂದು ಫಲ. ಭೂಸುಧಾರಣೆಯ ಪುಸ್ತಕಗಳಲ್ಲಿ ಇದು ಸಿಗುವುದಿಲ್ಲ. ಇನ್ನು ನಮ್ಮ ರಾಜ್ಯದಲ್ಲಿ 2020ರ ಜಾನುವಾರು ಕಾಯ್ದೆ 13 ವರ್ಷದೊಳಗಿನ ಎಮ್ಮೆ ಕೋಣಗಳನ್ನೂ ನಿಷೇಧದ ವ್ಯಾಪ್ತಿಗೆ ತಂದಿತು. ಅದರ ಏಟು ಮೊದಲು ಬಿದ್ದದ್ದು ಇಂಥ ಅಗ್ಗದ ಊಟದ ತಟ್ಟೆಗೆ.

ಜಹಗೀರು ರದ್ದತಿಯ ಹಿಂದಿನ ವರ್ಷವನ್ನು ಹೇಳದೆ ಮುಂದೆ ಹೋಗುವಂತಿಲ್ಲ. 1948ರ ಮೇ ತಿಂಗಳಲ್ಲಿ ಬಸವಕಲ್ಯಾಣ ತಾಲೂಕಿನ ಗೋರ್ಟಾದಲ್ಲಿ ರಜಾಕಾರರು ಹಿಂದೂ ಗ್ರಾಮಸ್ಥರನ್ನು ಕೊಂದರು. ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ನಡೆದು ನಿಜಾಮ ಶರಣಾದ ಮೇಲೆ, ರಜಾಕಾರರ ಜೊತೆ ಸಂಬಂಧವೇ ಇಲ್ಲದ ಮುಸ್ಲಿಮರ ಮೇಲೆ ಸೇಡು ತಿರುಗಿತು. ಕೇಂದ್ರ ಸರ್ಕಾರ ಕಳಿಸಿದ ಪಂಡಿತ್ ಸುಂದರಲಾಲ್, ಖಾಜಿ ಅಬ್ದುಲ್ ಗಫಾರರ ನಿಯೋಗ ಆ ವರ್ಷದ ಕೊನೆಗೆ ಜಿಲ್ಲೆಗಳನ್ನು ಸುತ್ತಿ, ಇಡೀ ಸಂಸ್ಥಾನದಲ್ಲಿ ಸತ್ತವರು 27,000ದಿಂದ 40,000 ಎಂದು ಅಂದಾಜಿಸಿತು. ಹೆಚ್ಚು ನೊಂದದ್ದು ಉಸ್ಮಾನಾಬಾದ್, ಗುಲ್ಬರ್ಗ, ಬೀದರ, ನಾಂದೇಡ ಜಿಲ್ಲೆಗಳು. ಈ ವರದಿ ದಶಕಗಳ ಕಾಲ ಜನರ ಕೈಗೆ ಸಿಗಲಿಲ್ಲ. ಗೋರ್ಟಾದಲ್ಲಿ ಸ್ಮಾರಕ ಎದ್ದಿದೆ, ಏಳಬೇಕಾದದ್ದೇ. ಸೆಪ್ಟೆಂಬರಿನಲ್ಲಿ ಸತ್ತವರ ನೆನಪಿಗೆ ಒಂದು ಕಲ್ಲೂ ಇಲ್ಲದಿರುವುದನ್ನು ಹೇಳಿದರೆ ಮೇ ತಿಂಗಳ ದುಃಖ ಕಡಿಮೆಯಾಗುವುದಿಲ್ಲ.

ಅದೇ ವರದಿಯಲ್ಲಿ ನಮ್ಮ ವಿಷಯಕ್ಕೆ ಸಂಬಂಧಿಸಿದ ಒಂದು ಮಾತಿದೆ. ತಮ್ಮ ಪ್ರಾಣವನ್ನು ಪಣಕ್ಕಿಟ್ಟು ನೆರೆಯ ಮುಸ್ಲಿಮರನ್ನು ಕಾಪಾಡಿದ ಹಿಂದೂಗಳ ಉದಾಹರಣೆಗಳನ್ನು ನಿಯೋಗ ಕಂಡಿತು. ಈ ಮಮತೆ ಒಂದೇ ಕಸುಬಿನವರಲ್ಲಿ ಹೆಚ್ಚಾಗಿತ್ತು, ಹಿಂದೂ ನೇಕಾರರು ಮುಸ್ಲಿಂ ನೇಕಾರರ ಪರ ನಿಂತು ಜೀವವನ್ನೂ ತೆತ್ತರು ಎಂದು ಅದು ದಾಖಲಿಸಿತು. ಭಾಷಣ ಕೇಳಿ ಬಂದ ಸ್ನೇಹವಲ್ಲ ಅದು. ಪಕ್ಕಪಕ್ಕದ ಮಗ್ಗ, ಒಂದೇ ಚಹಾದಂಗಡಿ, ಒಟ್ಟಿಗೆ ಹೋದ ಜಾತ್ರೆ, ಹಂಚಿಕೊಂಡ ಬುತ್ತಿಯಿಂದ ಬಂದದ್ದು. ಎಲ್ಲ ಕಡೆ ಅದು ಸಾಕಾಗಲಿಲ್ಲ ಎಂಬುದೂ ನಿಜ. ಒಂದೇ ಹೊಲದಲ್ಲಿ ಉಂಡವರು ಕತ್ತಿ ಹಿಡಿದ ಊರುಗಳೂ ಇದ್ದವು. ಗೆಳೆತನ ಎಲ್ಲಿ ಉಳಿಸಿತು, ಎಲ್ಲಿ ಸೋತಿತು, ಯಾಕೆ ಎಂದು ಊರೂರಿನ ಲೆಕ್ಕ ಹಾಕುವ ಕೆಲಸವನ್ನು ನಮ್ಮ ವಿಶ್ವವಿದ್ಯಾಲಯಗಳು ಕೈಗೆತ್ತಿಕೊಳ್ಳಬೇಕು. ಆ ಕಾಲ ಕಂಡವರಲ್ಲಿ ಈಗ ಉಳಿದವರು ಬೆರಳೆಣಿಕೆ.

ಕಲ್ಯಾಣದ ಕಲ್ಲುಗಳ ಮೇಲೆ ಮಾತ್ರ ಜಗಳ ನಿಂತಿಲ್ಲ. ಪೀರ್ ಪಾಷಾ ಬಂಗಲೆಯೇ ಮೂಲ ಅನುಭವ ಮಂಟಪ ಎಂಬ ವಾದ 2022ರಲ್ಲಿ ಜೋರಾಗಿ ಎದ್ದಿತು. ಇಂಥ ಹೊತ್ತಿನಲ್ಲಿ ಇದೇ ಊರಿನ 1326ರ ಸಂಸ್ಕೃತ ಶಾಸನವನ್ನು ನೆನೆಯುವುದು ಒಳ್ಳೆಯದು. ದಂಗೆಯಲ್ಲಿ ಮಧುಕೇಶ್ವರನ ಲಿಂಗಕ್ಕೆ ಧಕ್ಕೆಯಾಗಿ ಪೂಜೆ ನಿಂತಾಗ, ಅದನ್ನು ಮತ್ತೆ ಪ್ರತಿಷ್ಠಾಪಿಸಲು ಅನುಮತಿ ಕೊಟ್ಟವರು ಮುಹಮ್ಮದ್ ಬಿನ್ ತುಘಲಕನ ಮುಸ್ಲಿಂ ಅಧಿಕಾರಿಗಳು. ಪೂಜೆ ಮತ್ತೆ ನಡೆಯಲಿ, ಊರು ತನ್ನ ದಿನಚರಿಗೆ ಮರಳಲಿ ಎಂಬುದು ಆಳುವವರ ಕೆಲಸವೆಂದು ಅವರು ತಿಳಿದಂತಿದೆ.

ಊರಿನ ದಿನಚರಿಯೂ ಬದಲಾಗುತ್ತಿದೆ. 2017ರಲ್ಲಿ ಹುಮನಾಬಾದಿನ ಮೂಲಕ ಹಾಯುವ ಬೀದರ ಕಲಬುರಗಿ ರೈಲು ಮಾರ್ಗ ಪೂರ್ಣಗೊಂಡಿತು. ಪೇಟೆಯ ಅಂಚಿನ ಎಷ್ಟೋ ಹೊಲಗಳು ಪ್ಲಾಟುಗಳಾಗಿವೆ. ಹೊಲ ಮಾರಿದವರು ಈಗ ಎಳ್ಳ ಅಮಾವಾಸ್ಯೆಗೆ ತಾವೇ ಇನ್ನೊಬ್ಬರ ಕರೆಗಾಗಿ ಕಾಯುತ್ತಾರೆ. ಕಮಾನು ಬಂಡಿಯ ಬದಲು ಆಟೋ, ಟಂಟಂ. ಗಡಿಗೆಯ ಬದಲು ಸ್ಟೀಲಿನ ಕ್ಯಾನು. ಹಿಂದಿನ ಸಂಜೆ ತರಕಾರಿ ಸಂತೆಯಲ್ಲಿ ಭಜ್ಜಿಯ ಸಾಮಾನಿಗೆ ನೂಕುನುಗ್ಗಲು. ಅಲ್ಲಿ ಮೆಂತ್ಯೆ, ಉಳ್ಳಾಗಡ್ಡಿ ತಪ್ಪಲ ಮಾರುತ್ತ ಕುಳಿತ ಬಾಗವಾನರು ರಾತ್ರಿ ಹತ್ತರ ತನಕ ಏಳುವುದಿಲ್ಲ. ಮರುದಿನ ಮಧ್ಯಾಹ್ನ ಅವರೂ ಯಾವುದೋ ಗಿರಾಕಿಯ ಹೊಲದಲ್ಲಿ ಊಟಕ್ಕೆ ಕುಳಿತಿರುತ್ತಾರೆ.